ಗಲಾಟೆಗೂ ಒಂದು ಟೈಮ್‌ಟೇಬಲ್ ಇದೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಹಿರಿಯರೊಬ್ಬರು ಎಂಟನೇ ಮೈಲಿ ಬಸ್ ಸ್ಟಾಪಿನಲ್ಲಿ ಕಂಡ ಸರ್ಕಾರಿ ಶಾಲೆ ಹುಡುಗರ ಬಗ್ಗೆ ಬರೆದಿದ್ದರು. ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದರಂತೆ. ಕಂಡಕ್ಟರ್‌ಗೆ ಎದುರು ಮಾತಾಡಿದರಂತೆ. ಬಾಯಲ್ಲಿ ಬರಬಾರದ ಮಾತುಗಳು ಬರುತ್ತಿದ್ದವಂತೆ. 'ಛಡಿ ಛಂ ಛಂ, ವಿದ್ಯೆ ಘಂ ಘಂ' ಅನ್ನುತ್ತಿದ್ದ ಕಾಲವೇ ಚೆನ್ನಾಗಿತ್ತು, ಬೆತ್ತದ ಜೊತೆ ಭಯವೂ ಹೋಯಿತು ಅಂತ ಪತ್ರ ಮುಗಿಸಿದ್ದರು.

ಆ ಹುಡುಗರು ನಮ್ಮ ಶಾಲೆಯವರೇ ಇರಬಹುದು. ಅವರು ಬರೆದ ಬೈಗುಳದ ವಿವರ ನೋಡಿದರೆ ನನ್ನ ಕ್ಲಾಸಿನವರೇ ಅಂತ ಹೆಚ್ಚು ಕಡಿಮೆ ಗ್ಯಾರಂಟಿ. ನಾನು ಪೀಣ್ಯದ ಹತ್ತಿರ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು ಮತ್ತು ಏಳನೇ ಕ್ಲಾಸಿಗೆ ಕನ್ನಡ, ಸಮಾಜ ತೆಗೆದುಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ್ದು 2006ರಲ್ಲಿ. ಹುಟ್ಟಿದ್ದು, ಓದಿದ್ದು ಮಧುಗಿರಿ ಕಡೆ. ನೌಕರಿಯಲ್ಲಿ ಇರುವವಳು, ದಯವಿಟ್ಟು ನನ್ನ ಹೆಸರು ಹಾಕಬೇಡಿ.

ಹಿರಿಯರ ಸಿಟ್ಟು ನನಗೆ ಅರ್ಥವಾಗುತ್ತದೆ. ಮಕ್ಕಳೆಲ್ಲ ದೇವರ ಸಮಾನ ಅಂತ ಭಾಷಣ ಮಾಡುವವರ ಪೈಕಿ ನಾನಲ್ಲ. ಪೆನ್ಸಿಲ್ ಚೂಪು ಮಾಡುವ ಬ್ಲೇಡಿನಿಂದ ಪಕ್ಕದವನ ಬ್ಯಾಗ್ ಕೊಯ್ದವನು ನನ್ನ ಕ್ಲಾಸಿನಲ್ಲಿದ್ದಾನೆ. ಗುಟ್ಕಾ ಜಗಿದು ಬಂದವನ ಬಾಯಿ ತೊಳೆಸಿದ್ದೇನೆ. 100 ಗಜದೊಳಗೆ ತಂಬಾಕು ಮಾರಬಾರದು ಅಂತ ನಮ್ಮ ಶಾಲೆ ಗೋಡೆಯ ಮೇಲೇ ದಪ್ಪ ಅಕ್ಷರದಲ್ಲಿ ಬರೆದಿದೆ. ಆ ಬೋರ್ಡಿನಿಂದ ಗುಟ್ಕಾ ಮಾಲೆ ನೇತುಹಾಕಿದ ಅಂಗಡಿಗೆ ನನ್ನ ಹೆಜ್ಜೆಯಲ್ಲಿ 44 ಹೆಜ್ಜೆ. ಮಕ್ಕಳನ್ನು ಕಳಿಸಿ ಎಣಿಸಿದ್ದಲ್ಲ, ನಾನೇ ನಡೆದು ನೋಡಿದ್ದು.

ಬೆತ್ತದ ವಿಷಯಕ್ಕೆ ಬರುತ್ತೇನೆ. ನಾನೂ ಹೊಡೆದಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಮೈಸೂರು ರಸ್ತೆ ಕಡೆ ಇದ್ದೆ. ಒಂದು ಹುಡುಗಿ ದಿನಾ ಲೇಟು, ದಿನಾ ಕೊಳಕು ಕೈ. ಎಷ್ಟು ಹೇಳಿದರೂ ತೊಳೆದುಕೊಂಡು ಬರುತ್ತಿರಲಿಲ್ಲ. ಒಂದು ದಿನ ಅಂಗೈಗೆ ಎರಡು ಬಿಗಿದೆ. ಅವಳು ಅಳಲಿಲ್ಲ. ಕೈ ಕೂಡ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನನ್ನ ಕೋಲಿನ ತುದಿಗೆ ಕರ್ರಗೆ ಏನೋ ಅಂಟಿತು, ಮೂಗಿಗೆ ಹಿಡಿದರೆ ಊದುಬತ್ತಿ ವಾಸನೆ. ಬೆಳಗ್ಗೆ ಐದಕ್ಕೆ ಎದ್ದು ಅಮ್ಮನ ಜೊತೆ ಊದುಬತ್ತಿ ಹೊಸೆದು ಶಾಲೆಗೆ ಬರುತ್ತಿದ್ದಳು. ಆ ಕಪ್ಪು ಸೋಪಿಗೆ ಹೋಗುವುದಿಲ್ಲ. ಲೇಟು ಯಾಕೆ, ಕೈ ಯಾಕೆ ಹಾಗಿದೆ ಅಂತ ನಾನು ಕೇಳಿಯೇ ಇರಲಿಲ್ಲ. ಕೇಳಲು ಎರಡು ನಿಮಿಷ ಬೇಕಿತ್ತು, ಹೊಡೆಯಲು ಎರಡು ಸೆಕೆಂಡು ಸಾಕಾಯಿತು. ಅವತ್ತಿಗೆ ಕಾಯ್ದೆ ಇನ್ನೂ ಬಂದಿರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ. ನಾನು ಕೋಲು ಬಿಟ್ಟದ್ದು ಅದಕ್ಕೂ ಮೊದಲೇ. ದೊಡ್ಡಸ್ತಿಕೆ ಏನಲ್ಲ, ಆ ವಾಸನೆ ತಡೆಯಲಾಗದೆ ಬಿಟ್ಟೆ ಅಷ್ಟೇ.

ಕೋಲು ಬಿಟ್ಟರೆ ಮುಂದೇನು ಅನ್ನುವುದನ್ನು ಯಾರೂ ಹೇಳಿಕೊಡಲಿಲ್ಲ. ತರಬೇತಿಗೆ ಹೋದರೆ 'ಪ್ರೀತಿಯಿಂದ ಗೆಲ್ಲಿ' ಅನ್ನುತ್ತಾರೆ. ಮಧ್ಯಾಹ್ನ ಊಟ, ಸಂಜೆ ಸರ್ಟಿಫಿಕೇಟು. ಒಂದೇ ರೂಮಿನಲ್ಲಿ 58 ಮಕ್ಕಳನ್ನು ಪ್ರೀತಿಯಿಂದ ಗೆಲ್ಲುವುದು ಹೇಗೆ ಅಂತ ಕೇಳಿದೆ. ಕಾಯ್ದೆ ಪ್ರಕಾರ ನನ್ನ ತರಗತಿಗಳಿಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರು. ನಮ್ಮಲ್ಲಿ ಒಂದು ಹುದ್ದೆ ಖಾಲಿ ಇರುವುದರಿಂದ ಆರು, ಏಳು ಎರಡನ್ನೂ ಸೇರಿಸಿ ಕೂರಿಸಿದ್ದೇವೆ. ಮನೆಯಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ, ಇಬ್ಬರು ನೇಪಾಳಿ. 'ಮೇಡಂ, ಅದು ನಿಮ್ಮ ಸ್ಕಿಲ್ಲು' ಅಂದರು.

ಸರಿ, ನನ್ನ ಸ್ಕಿಲ್ಲಿಗೆ ಒಂದು ನಲವತ್ತು ಪುಟದ ನೋಟ್‌ಬುಕ್ ಇಟ್ಟೆ. ಗಲಾಟೆ ಆದಾಗಲೆಲ್ಲ ಎರಡೇ ಸಂಗತಿ ಬರೆಯುವುದು: ಎಷ್ಟು ಗಂಟೆ, ಆಗ ಏನು ನಡೆಯುತ್ತಿತ್ತು. ಯಾರು ಮಾಡಿದರು ಅನ್ನುವುದನ್ನು ಬೇಕೆಂದೇ ಬರೆಯಲಿಲ್ಲ. ಹೆಸರು ಬರೆದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಮಿಕ್ಕಿದ್ದು ಕಾಣುವುದಿಲ್ಲ.

ಮೂರು ತಿಂಗಳಾದ ಮೇಲೆ ತಿರುವಿ ಹಾಕಿದರೆ ಗಲಾಟೆಗೂ ಟೈಮ್‌ಟೇಬಲ್ ಇದೆ! ಸೋಮವಾರ ಮೊದಲನೇ ಪೀರಿಯಡ್ ಎಲ್ಲಕ್ಕಿಂತ ಜಾಸ್ತಿ. ಯಾಕೆ ಅಂದರೆ ಲೇಬರ್ ಶೆಡ್ಡುಗಳಲ್ಲಿ ಬಟವಾಡೆ ಆಗುವುದು ವಾರದ ಕೊನೆಗೆ. ಭಾನುವಾರ ರಾತ್ರಿ ಕುಡಿತ, ಜಗಳ. ಒಂದೇ ತಗಡಿನ ಕೋಣೆಯಲ್ಲಿ ಮಲಗಿದ ಮಗುವಿಗೆ ನಿದ್ದೆ ಎಲ್ಲಿಂದ ಬರಬೇಕು? ಆಮೇಲೆ ಮಧ್ಯಾಹ್ನ ಊಟದ ಗಾಡಿ ಲೇಟಾದ ದಿನ. ಹದಿನೈದು ನಿಮಿಷ ಹೆಚ್ಚು ಕಡಿಮೆಯಾದರೂ ಹಿಂದಿನ ಬೆಂಚಿನಲ್ಲಿ ಕೈ ಕೈ ಮಿಲಾಯಿಸುತ್ತಾರೆ. ಎಷ್ಟೋ ಮಕ್ಕಳ ಅಮ್ಮಂದಿರು ಗಾರ್ಮೆಂಟ್ಸ್‌ಗೆ ಎಂಟಕ್ಕೆಲ್ಲ ಹೊರಟುಬಿಡುತ್ತಾರೆ. ಮನೆ ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಬರುವ ಮಕ್ಕಳು ಅವರು. ತಿಂಡಿ ಅಂದರೆ ಟೀ, ಬನ್ನು. ಅದೂ ಇದ್ದರೆ. ಬೆಳಗ್ಗೆ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವ ದಿನ ನನ್ನ ನೋಟ್‌ಬುಕ್ಕಿನಲ್ಲಿ ಮೊದಲನೇ ಪೀರಿಯಡ್ ಖಾಲಿ. ಕ್ಷೀರಭಾಗ್ಯ ಬಂದ 2013ರಲ್ಲಿ 'ಮಕ್ಕಳಿಗೆ ಹಾಲು ಯಾಕೆ, ಪಾಠ ಮಾಡಲಿ' ಅಂದವರಲ್ಲಿ ನಾನೂ ಒಬ್ಬಳು. ಈಗ ನಾಲಗೆ ಕಚ್ಚಿಕೊಳ್ಳುತ್ತೇನೆ.

ಇವೆರಡು ಬಿಟ್ಟು ಇನ್ನೊಂದು ಹೊತ್ತು ಸಿಕ್ಕಿತು. ಅದು ನನ್ನ ಕನ್ನಡ ಪೀರಿಯಡ್ಡೇ. ಅದರಲ್ಲೂ ಸಾಲಾಗಿ ಓದಿಸುವಾಗ.

2024ರ ದೀಪಾವಳಿ ಆದಮೇಲೆ ಯಾದಗಿರಿ ಕಡೆಯ ಒಂದು ಕುಟುಂಬ ನಮ್ಮ ಏರಿಯಾಕ್ಕೆ ಬಂತು. ಅಪ್ಪ ಸೆಂಟ್ರಿಂಗ್ ಕೆಲಸ, ಅಮ್ಮ ಜಲ್ಲಿ ಹೊರುತ್ತಾಳೆ. ಮಗನಿಗೆ ಹನ್ನೆರಡು, ಮಗಳಿಗೆ ಏಳು. ಟಿಸಿ ಇರಲಿಲ್ಲ. ಟಿಸಿ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೆ ಹಾಕಬೇಕು. ಸರಿಯಾದ ನಿಯಮವೇ. ಹುಡುಗ ಆರನೇ ಕ್ಲಾಸಿಗೆ ಬಂದ. 'ಯಾಕ್ರೀ ಟೀಚರ್' ಅಂದ ಮೊದಲ ದಿನವೇ ಕ್ಲಾಸು ಗೊಳ್ಳೆಂದು ನಕ್ಕಿತು. ಇಲ್ಲಿ ಎಲ್ಲರೂ 'ಮಿಸ್' ಅನ್ನುವವರು. ನಕ್ಕವರಲ್ಲಿ ಇಬ್ಬರಿಗೆ ಊಟದ ಬಿಡುವಿನಲ್ಲಿ ಮೂಗಿನಿಂದ ರಕ್ತ ಬಂತು.

ಅಲ್ಲಿಂದ ಶುರು. ಕಿಟಕಿ ಪಕ್ಕ ನಾಲ್ಕನೇ ಬೆಂಚು ಅವನದು. ತಟ್ಟೆ ಬೀಳುತ್ತದೆ, ಜಾಮಿಟ್ರಿ ಬಾಕ್ಸ್ ಬೀಳುತ್ತದೆ, ಮುಂದಿನವನು 'ಮಿಸ್, ಕಾಂಪಾಸಿನಲ್ಲಿ ಚುಚ್ಚಿದ' ಅಂತ ಕಿರುಚುತ್ತಾನೆ. ಹೊರಗೆ ನಿಲ್ಲಿಸಿದೆ. ಅಪ್ಪನನ್ನು ಕರೆಸಿದೆ. ಅಪ್ಪ ಬಂದು ಕೈಮುಗಿದು, 'ನಾಕು ಬಾರಿಸ್ರೀ ಟೀಚರ್, ನಾವೇನ್ ಕೇಳಂಗಿಲ್ಲ' ಅಂದು ಅಲ್ಲೇ ಕೈ ಎತ್ತಿದ. ನಾನು ಅಡ್ಡ ನಿಲ್ಲಬೇಕಾಯಿತು. ಅವತ್ತು ಒಂದು ದಿನದ ಕೂಲಿ ಹೋಯಿತು ಅವನಿಗೆ. ಆಮೇಲೆ ಮತ್ತೆ ಕರೆಸಲಿಲ್ಲ.

ತುಂಟನಿಗೆ ಜವಾಬ್ದಾರಿ ಕೊಡಿ, ಸರಿಹೋಗುತ್ತಾನೆ ಅನ್ನುತ್ತಾರಲ್ಲ, ಅದನ್ನೂ ಮಾಡಿದೆ. ಕ್ಲಾಸ್ ಲೀಡರ್ ಮಾಡಿದೆ. ನಾನು ಆಫೀಸಿಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ಅವನ ಕೆಲಸ. ಮೊದಲ ವಾರ ಕ್ಲಾಸು ಪಿನ್ ಡ್ರಾಪ್ ಸೈಲೆನ್ಸು. ನನಗೆ ಹೆಮ್ಮೆಯೋ ಹೆಮ್ಮೆ. ಎರಡನೇ ವಾರ ಗೊತ್ತಾಯಿತು, ಒಂದು ಚಿಕ್ಕಿ ಕೊಟ್ಟರೆ ಸಾಹೇಬರು ಹೆಸರು ಅಳಿಸುತ್ತಿದ್ದರು. ಮೊಟ್ಟೆ ತಿನ್ನದ ಮಕ್ಕಳಿಗೆ ಆಗ ಕೊಡುತ್ತಿದ್ದ ಚಿಕ್ಕಿಯೆಲ್ಲ ಇವನ ಜೇಬಿಗೆ. ಕೊಡದಿದ್ದವರ ಹೆಸರಿನ ಮುಂದೆ ಒಂದೊಂದಾಗಿ ಇಂಟು ಮಾರ್ಕು ಏರುತ್ತಿತ್ತು. ಲೀಡರ್‌ಗಿರಿ ಕಿತ್ತುಕೊಂಡೆ.

ಆದರೆ ಆಗಲೇ ಒಂದು ಸಂಗತಿ ನನ್ನ ಕಣ್ಣ ಮುಂದೆ ಇತ್ತು, ನಾನು ನೋಡಲಿಲ್ಲ. ಬೋರ್ಡಿನ ಮೇಲಿನ ಹೆಸರುಗಳು ದುಂಡಗಿನ ಮುದ್ದಾದ ಅಕ್ಷರದಲ್ಲಿ ಇದ್ದವು. ಅದು ಮೊದಲ ಬೆಂಚಿನ ಹುಡುಗಿಯ ಕೈ ಬರಹ. ಅವಳಿಂದ ಬರೆಸುತ್ತಿದ್ದ. ಅವನ ಕೈಯಿಂದ ಬಂದದ್ದು ಇಂಟು ಮಾರ್ಕು ಮಾತ್ರ.

ಮಾರ್ಚ್‌ನಲ್ಲಿ ನೋಟ್‌ಬುಕ್ ನೋಡುತ್ತಾ ಕೂತಿದ್ದಾಗ ಹೊಳೆಯಿತು. ನಾನು ಬಾಗಿಲ ಕಡೆಯ ಬೆಂಚಿನಿಂದ ಓದಿಸುತ್ತಾ ಬರುತ್ತೇನೆ. ಒಬ್ಬೊಬ್ಬರಿಗೆ ನಾಲ್ಕು ಸಾಲು. ಸರದಿ ಅವನ ಹತ್ತಿರ ಬರಲು ಇನ್ನು ಮೂರೋ ನಾಲ್ಕೋ ಮಂದಿ ಇರುವಾಗ ಡಬ್ಬಿ ಬೀಳುತ್ತದೆ. ಇಲ್ಲದಿದ್ದರೆ 'ಒಂದಕ್ಕ ಹೋಗಿ ಬರ್ತೀನ್ರೀ ಟೀಚರ್'. ನಾನು ರೇಗಿ 'ಹೋಗು ಆಚೆ' ಅನ್ನುತ್ತೇನೆ. ಅವನು ಆಚೆ ಹೋಗುತ್ತಾನೆ. ಸರದಿ ಪಕ್ಕದವನಿಗೆ ದಾಟುತ್ತದೆ. ನಾಲ್ಕು ತಿಂಗಳಿಂದ ಶಿಕ್ಷೆ ಅಂತ ನಾನು ಕೊಡುತ್ತಿದ್ದುದು ಅವನಿಗೆ ಬೇಕಾಗಿದ್ದೇ! ಹನ್ನೆರಡು ವರ್ಷದ ಹುಡುಗ ಪೋಲಿ ಅನ್ನಿಸಿಕೊಳ್ಳಲು ರೆಡಿ. ದಡ್ಡ ಅನ್ನಿಸಿಕೊಳ್ಳಲು ರೆಡಿ ಇಲ್ಲ. ಅದೂ ತನ್ನ ಮಾತಿಗೇ ನಗುವವರ ಎದುರು.

ಈಗ ಹಿರಿಯರನ್ನು ಕೇಳುತ್ತೇನೆ. ಬೆತ್ತ ಇದ್ದಿದ್ದರೆ ಏನಾಗುತ್ತಿತ್ತು? ಎರಡು ಏಟು ತಿಂದು ಆಚೆ ಹೋಗುತ್ತಿದ್ದ. ಓದುವ ಸರದಿಗಿಂತ ಎರಡು ಏಟು ಅಗ್ಗ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸಾಲಾಗಿ ಓದಿಸುವುದನ್ನು ಬಿಟ್ಟೆ. ಈಗ ಕೈ ಎತ್ತಿದವರು ಓದುತ್ತಾರೆ, ಮಿಕ್ಕವರು ಇಬ್ಬಿಬ್ಬರು ಕೂತು ಮೆಲ್ಲಗೆ ಓದುತ್ತಾರೆ. ಇಷ್ಟಕ್ಕೇ ಆ ಪೀರಿಯಡ್ಡಿನ ಅರ್ಧ ಗಲಾಟೆ ನಿಂತಿತು. ಆಗ ತಿಳಿಯಿತು, ಡಬ್ಬಿ ಬೀಳಿಸುತ್ತಿದ್ದವನು ಅವನೊಬ್ಬನೇ ಅಲ್ಲ.

ಆ ಹುಡುಗನ ಮನೆಯವರು ಊರಿಗೆ ಹೋಗಿ ಬಿತ್ತನೆ ಮುಗಿಸಿ ಜುಲೈ ಕೊನೆಗೆ ವಾಪಸ್ ಬಂದರು. ಅವನ ತಂಗಿ ನಲಿ-ಕಲಿ ಕ್ಲಾಸಿನಲ್ಲಿ, ಅಂದರೆ ಚಿಕ್ಕ ಮಕ್ಕಳು ಕಾರ್ಡು ಹಿಡಿದು ಆಡುತ್ತಾ ಕಲಿಯುವ ಕ್ಲಾಸಿನಲ್ಲಿ ಇದ್ದಳು. 'ನಿನ್ನ ತಂಗಿಗೆ ಕಾರ್ಡು ಹೇಳಿಕೊಡಬೇಕು, ಬೆಳಗ್ಗೆ ಒಂಬತ್ತಕ್ಕೆ ಕರಕೊಂಡು ಬಾ' ಅಂದೆ. ನಲಿ-ಕಲಿಯಲ್ಲಿ ಅ, ಆ ಅಂತ ಶುರು ಮಾಡುವುದಿಲ್ಲ, ರ ಗ ಸ ದ ಅ ಅಂತ ಶುರು. ಐದು ಅಕ್ಷರಕ್ಕೇ ಪದ ಆಗಿಬಿಡುತ್ತದೆ, ಅದೇ ಅದರ ಜಾಣತನ. ಮೂರನೇ ದಿನವೋ ನಾಲ್ಕನೇ ದಿನವೋ, ಕಾರ್ಡಿನ ಮೇಲೆ ಬೆರಳಿಟ್ಟು 'ಗ... ರ... ಗ... ಸ' ಅಂದ. ಒಂದು ಕ್ಷಣ ಸುಮ್ಮನಾದ. 'ಗರಗಸ! ನಮ್ಮಪ್ಪನ ಹತ್ರ ಐತ್ರೀ' ಅಂದ. ತಂಗಿ 'ನಂಗ ಮೊದ್ಲೇ ಗೊತ್ತಿತ್ತು' ಅಂದಳು. ಅವಳ ತಲೆಗೆ ಒಂದು ಮೊಟಕಿದ. ಎಲ್ಲಾ ಒಂದೇ ದಿನ ಬದಲಾಗುತ್ತದೆಯೇ?

ದಿನಾ ಇಪ್ಪತ್ತು ನಿಮಿಷ, ಅಷ್ಟೇ. ಆಗಸ್ಟ್, ಸೆಪ್ಟೆಂಬರ್ ಚೆನ್ನಾಗಿ ನಡೆಯಿತು. ಒತ್ತಕ್ಷರದ ಹತ್ತಿರ ಬಂದಿದ್ದ. ಆಗ ಬಂತು 2025ರ ದಸರಾ ಹೊತ್ತಿನ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ. ನಮ್ಮನ್ನೆಲ್ಲ ಮನೆ ಮನೆಗೆ ಕಳಿಸಿದರು.

ಸುಳ್ಳು ಹೇಳಬಾರದು, ಅದರಿಂದ ನನಗೆ ಒಂದು ಲಾಭವೂ ಆಯಿತು. ನನ್ನ ಮಕ್ಕಳ ಮನೆಗಳ ಒಳಗೆ ಹೋದೆ. ಕರೆಂಟ್ ಮೀಟರ್ ನಂಬರಿನ ಆಧಾರದ ಮೇಲೆ ಮನೆಗಳ ಪಟ್ಟಿ. ಶೆಡ್ಡಿಗೆ ಮೀಟರ್ ಎಲ್ಲಿಂದ ಬರಬೇಕು? ಕಟ್ಟಡದಿಂದ ಎಳೆದ ಒಂದೇ ವೈರಿನಲ್ಲಿ ಹದಿನಾಲ್ಕು ಬಲ್ಬು. ಇವನ ಶೆಡ್ಡಿನಲ್ಲಿ ಕೂರಲು ಜಾಗವಿಲ್ಲದೆ ಸಿಮೆಂಟ್ ಚೀಲದ ಮೇಲೆ ಕೂರಿಸಿದರು. ಅವರಮ್ಮ ಟೀ ಕೊಟ್ಟಳು. ತಗಡಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ರ ಗ ಸ ದ ಅ. ಕೆಳಗೆ ಸೊಟ್ಟ ಸೊಟ್ಟಗೆ ತಂಗಿಯ ಹೆಸರು. ಮನೆಯಲ್ಲಿ ನಾನಿದ್ದಷ್ಟು ಹೊತ್ತು ಹುಡುಗ ಒಂದು ಮಾತಾಡಲಿಲ್ಲ, ತಲೆ ತಗ್ಗಿಸಿ ಕೂತಿದ್ದ. ಕ್ಲಾಸಿನಲ್ಲಿ ಇರುವವನೇ ಬೇರೆ.

ಆದರೆ ಬೆಳಗಿನ ಆ ಇಪ್ಪತ್ತು ನಿಮಿಷ ತಪ್ಪಿತು. ಸಮೀಕ್ಷೆ ಮುಗಿಸಿ ಬಂದಾಗ ಕ್ಲಾಸು ಸಂತೆಯಾಗಿತ್ತು. ನಮ್ಮ ಅತಿಥಿ ಶಿಕ್ಷಕಿ ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕಿ ಬಿಟ್ಟು ಹೋಗಿದ್ದರು. ಪಾಪ, ಅವರನ್ನು ದೂರುವುದಿಲ್ಲ. ಪ್ರತಿ ವರ್ಷ ಹೊಸದಾಗಿ ನೇಮಕ, ಮಾರ್ಚ್‌ಗೆ ಮುಗಿಯಿತು, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ ಅಂದರೆ ಯಾರು ನಿಲ್ಲುತ್ತಾರೆ? ಆ ವರ್ಷ ಅದೇ ಮಕ್ಕಳು ಗಣಿತಕ್ಕೆ ಮೂರು ಮುಖ ನೋಡಿದರು. ಹೊಸ ಮುಖ ಬಂದಾಗಲೆಲ್ಲ ಮಕ್ಕಳು ಒಂದು ತಿಂಗಳು ಪರೀಕ್ಷೆ ಮಾಡುತ್ತಾರೆ. ಇವರು ಎಷ್ಟು ತಡೆಯುತ್ತಾರೆ, ಎಷ್ಟು ದಿನ ಇರುತ್ತಾರೆ ಅಂತ. ಪರೀಕ್ಷೆ ಪಾಸಾಗುವ ಹೊತ್ತಿಗೆ ಟೀಚರ್ ಹೊರಟಿರುತ್ತಾರೆ. ಇದನ್ನು ನಾವು 'ಮಕ್ಕಳಿಗೆ ಶಿಸ್ತಿಲ್ಲ' ಅಂತ ಕರೆಯುತ್ತೇವೆ.

ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17 ಎಲ್ಲರ ಬಾಯಲ್ಲೂ ಇದೆ. ಹೊಡೆಯಬಾರದು, ಮನಸ್ಸಿಗೆ ಹಿಂಸೆ ಕೊಡಬಾರದು. ಒಳ್ಳೆಯದೇ. ಅದೇ ಕಾಯ್ದೆಯಲ್ಲಿ ಸೆಕ್ಷನ್ 27 ಅಂತ ಇನ್ನೊಂದಿದೆ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರು ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಹಾಕಬಾರದು ಅಂತ. ಅದನ್ನು ನೆನಪಿಸುವವರು ಕಡಿಮೆ. ಚುನಾವಣೆ ಅನ್ನುವ ಒಂದು ಪದದೊಳಗೆ ಬಿಎಲ್‌ಒ (ಮತದಾರರ ಪಟ್ಟಿ ನೋಡಿಕೊಳ್ಳುವ) ಕೆಲಸ ವರ್ಷವಿಡೀ ತೂರಿಕೊಳ್ಳುತ್ತದೆ. ನಮ್ಮ ಕೈಯಿಂದ ಕೋಲು ತೆಗೆದುಕೊಂಡರು, ಒಪ್ಪಿದೆ. ಅದರ ಬದಲಿಗೆ ಬೇಕಿದ್ದದ್ದು ಮಕ್ಕಳನ್ನು ಗಮನಿಸುವಷ್ಟು ಹೊತ್ತು. ಅದನ್ನೂ ತೆಗೆದುಕೊಂಡರೆ ಹೇಗೆ?

ಹಾಗಾಗಿ ಶಿಸ್ತಿನ ಬಗ್ಗೆ ನಿಜಕ್ಕೂ ಕಾಳಜಿ ಇರುವ ಓದುಗರು ಕೇಳಬೇಕಾದದ್ದು ಬೆತ್ತ ಅಲ್ಲ. ಶಾಲೆ ತೆರೆಯುವ ದಿನವೇ ಅತಿಥಿ ಶಿಕ್ಷಕರು ಕ್ಲಾಸಿನಲ್ಲಿ ಇರಬೇಕು, ಚೆನ್ನಾಗಿ ಮಾಡಿದವರನ್ನು ಮುಂದಿನ ವರ್ಷವೂ ಅದೇ ಮಕ್ಕಳಿಗೆ ಕೊಡಬೇಕು ಅಂತ ಕೇಳಿ. ಪಾಠದ ದಿನಗಳಲ್ಲಿ ಕ್ಲಾಸಿನಿಂದ ನಮ್ಮನ್ನು ಎಬ್ಬಿಸಬೇಡಿ ಅಂತ ಕೇಳಿ. ಇನ್ನೂ ಒಂದು. ನನ್ನಿಂದ ಆಗದ ಮಕ್ಕಳೂ ಇದ್ದಾರೆ. ವೈಟ್ನರ್ ಮೂಸುತ್ತಿದ್ದ ಒಬ್ಬನಿಗೆ ನನ್ನ ನೋಟ್‌ಬುಕ್ಕು, ಕಾರ್ಡು ಯಾವುದೂ ನಾಟಲಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಅದು ಕಷ್ಟ ಬಂದಾಗ ಕೂಗುವ ನಂಬರ್, ವಾರ ವಾರ ಮಗುವಿನ ಜೊತೆ ಕೂರುವ ಮನುಷ್ಯ ಅಲ್ಲ. ಒಂದು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳಿಗೆಲ್ಲ ಸೇರಿ ಒಬ್ಬರು ಕೌನ್ಸೆಲರ್ ಸಾಕು, ವಾರಕ್ಕೊಂದು ದಿನ ಬರಲಿ. ಸೋಮವಾರ ಬಂದರೆ ಇನ್ನೂ ಒಳ್ಳೆಯದು.

ಬಸ್ಸಿನ ಹುಡುಗರ ವಿಷಯ ನಾನು ಕ್ಲಾಸಿನಲ್ಲಿ ಎತ್ತಿದೆ. ನಿಮ್ಮ ಪತ್ರಿಕೆಯನ್ನೇ ತಂದು ಆ ಪತ್ರ ಓದಿಸಿದೆ. ಕೈ ಎತ್ತಿದವಳು ಓದಿದಳು. ಹಿಂದಿನ ಬೆಂಚಿನಲ್ಲಿ ಮೂವರು ನೆಲ ನೋಡುತ್ತಿದ್ದರು. ಒಬ್ಬ, 'ಮಿಸ್, ಕಂಡಕ್ಟರ್ ಮೊದಲು ಬೈದಿದ್ದು ಇದರಲ್ಲಿ ಬರೆದೇ ಇಲ್ಲ' ಅಂದ. ಅವನು ಹೇಳಿದ್ದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಫುಟ್‌ಬೋರ್ಡಿನ ಮೇಲೆ ನಿಂತಿದ್ದಕ್ಕೆ ಬೈದೆ, ಅದು ಬೇರೆ ಮಾತು.

ಕೊನೆಯದಾಗಿ ಒಂದು ಕೋರಿಕೆ. ಆ ಯಾದಗಿರಿ ಹುಡುಗ ಸಂಕ್ರಾಂತಿ ಆದಮೇಲೆ ಶಾಲೆಗೆ ಬರಲಿಲ್ಲ. ಶೆಡ್ಡಿನ ಹತ್ತಿರ ಹೋಗಿ ನೋಡಿದೆ. ಕಟ್ಟಡ ಮುಗಿದಿದೆ, ತಗಡು ಕಿತ್ತಿದ್ದಾರೆ. ಸರ್ಜಾಪುರದ ಕಡೆ ಹೊಸ ಸೈಟಿಗೆ ಹೋದರು ಅಂತ ವಾಚ್‌ಮನ್ ಹೇಳಿದ. ಟಿಸಿ ಕೇಳಿಲ್ಲ. ಮಕ್ಕಳ ದಾಖಲೆ ಇಡುವ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆ ಎಸ್‌ಎಟಿಎಸ್‌ನಲ್ಲಿ ಅಣ್ಣ, ತಂಗಿ ಇಬ್ಬರ ಹೆಸರೂ ಇನ್ನೂ ನಮ್ಮ ಶಾಲೆಯಲ್ಲೇ ಇದೆ, ಬೇರೆ ಶಾಲೆಯಿಂದ ಯಾರೂ ಕೇಳಿಲ್ಲ. ಆ ಕಡೆಯ ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮಲ್ಲಿ ಹೊಸದಾಗಿ ಬಂದ ಒಬ್ಬ ಉದ್ದನೆಯ ಹುಡುಗ ಇದ್ದು, ಅವನ ಸರದಿ ಬರುವ ಮೊದಲು ಡಬ್ಬಿ ಬೀಳುತ್ತಿದ್ದರೆ, ದಯವಿಟ್ಟು ಆಚೆ ಕಳಿಸಬೇಡಿ. ಒತ್ತಕ್ಷರದವರೆಗೆ ಬಂದಿದ್ದಾನೆ. 'ಕ್ಕ', 'ಪ್ಪ' ಬರುತ್ತದೆ, 'ಸ್ತ್ರ' ಇನ್ನೂ ಬರುವುದಿಲ್ಲ. ತಂಗಿಯನ್ನು ಪಕ್ಕದಲ್ಲಿ ಕೂರಿಸಿದರೆ ಓದುತ್ತಾನೆ.

ಇಂತಿ,
ಒಬ್ಬ ಶಿಕ್ಷಕಿ
ಪೀಣ್ಯ, ಬೆಂಗಳೂರು